ಬಿಲ್ಲಿನಲ್ಲಿ ‘ಕೈಮಗ್ಗ’ ಅಂತ ಬರೆದು ಕೊಡಿ

ಸಂಪಾದಕರೇ,

ಕಳೆದ ತಿಂಗಳು ಅಮ್ಮನಿಗೆ ಒಂದು ಉಡುಪಿ ಸೀರೆ ತಂದೆ. ನಮ್ಮ ಊರಿನದ್ದೇ ಅಂಗಡಿ, ಹೆಸರು ಬೇಡ. ಸೀರೆಯ ಮೇಲೆ ‘ಅಪ್ಪಟ ಕೈಮಗ್ಗ’ ಅಂತ ಚೀಟಿ ಇತ್ತು, ಅಂಗಡಿಯವರೂ ಹಾಗೇ ಹೇಳಿದರು, ನಾನು ನಂಬಿ ದುಡ್ಡು ಕೊಟ್ಟು ಬಂದೆ. ಎರಡು ವಾರ ಆದ ಮೇಲೆ ಅಮ್ಮ ಅದೇ ಸೀರೆ ಉಟ್ಟು ನನ್ನ ಜೊತೆ ಕಿನ್ನಿಗೋಳಿ ಕಡೆ ನೆಂಟರ ಮನೆಗೆ ಬಂದಿದ್ದರು. ಪಕ್ಕದ ಮನೆಯಿಂದ ಮಗ್ಗದ ಸದ್ದು ಕೇಳಿಸಿತು. ನೋಡೋಣ ಅಂತ ಹೋದೆವು. ಮಗ್ಗದ ಮುಂದೆ ಕೂತಿದ್ದ ಅಜ್ಜಿ ಅಮ್ಮನ ಸೆರಗನ್ನು ಎರಡು ಬೆರಳಲ್ಲಿ ಹಿಡಿದರು, ಅಂಚನ್ನು ಮಗುಚಿ ಬೆಳಕಿಗೆ ಹಿಡಿದು ನೋಡಿದರು. ‘ಇದು ನಮ್ಮದಲ್ಲ ಮಗಾ, ಕರೆಂಟಿನ ಮಗ್ಗದ್ದು’ ಅಂದರು. ಅಮ್ಮನ ಮುಖ ಸಣ್ಣದಾಯಿತು.

ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅಜ್ಜಿ ತಾವು ನೇಯುತ್ತಿದ್ದ ಸೀರೆಯನ್ನೇ ತೋರಿಸಿದರು. ಅಂಚಿನ ಉದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ತೂತುಗಳು. ನೇಯುವಾಗ ಬಟ್ಟೆ ಅಗಲದಲ್ಲಿ ಮುದುಡದ ಹಾಗೆ ಎಳೆದು ಹಿಡಿಯಲು ಒಂದು ಕೋಲು ಹಾಕುತ್ತಾರೆ, ಅದರ ಎರಡು ತುದಿಯ ಮೊಳೆ ಚುಚ್ಚಿದ ಗುರುತು ಅದು. ಅದೊಂದೇ ನೋಡಿದರೆ ಸಾಲದು, ಬಟ್ಟೆಯನ್ನು ಸವರಿಯೂ ನೋಡಬೇಕು ಅಂದರು. ಕೈಯಲ್ಲಿ ನೇಯ್ದದ್ದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ಒಂದು ಎಳೆ ದಪ್ಪ, ಒಂದು ಎಳೆ ಸಣ್ಣ. ನಮ್ಮ ಸೀರೆ ಹಾಳೆಯ ಹಾಗೆ ಒಂದೇ ಸಮ ಇತ್ತು. ಮನೆಗೆ ಬಂದು ಅದರ ತುದಿಯಿಂದ ಒಂದು ಎಳೆ ಕಿತ್ತು ಸುಟ್ಟೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಕರಗಿ ಕಪ್ಪು ಮಣಿಯ ಹಾಗೆ ಗಟ್ಟಿಯಾಯಿತು. ಅಂದರೆ ಕೈಮಗ್ಗ ಬಿಡಿ, ಪೂರ್ತಿ ಹತ್ತಿಯೂ ಅಲ್ಲ.

ನನಗೆ ಹೋದ ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಆ ಅಜ್ಜಿಯ ಕೆಲಸ ನೋಡಿ. ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಹಾಸುವ ನೂಲಿಗೆ, ಗಂಜಿ ಹಾಕಬೇಕು, ಬ್ರಷ್ಷಿನಲ್ಲಿ ಎಳೆ ಎಳೆ ಬಿಡಿಸಿ ಒಣಗಿಸಬೇಕು, ಮಳೆಗಾಲದಲ್ಲಿ ಅದು ಬೇಗ ಒಣಗುವುದೂ ಇಲ್ಲ. ಅಡ್ಡ ನೂಲನ್ನು ಸಣ್ಣ ಕೊಳವೆಗೆ, ಅಂದರೆ ಕಂಡಿಕೆಗೆ, ಸುತ್ತಬೇಕು. ಆಮೇಲೆ ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಆ ಅಡ್ಡ ನೂಲಿನ ಲಾಳಿ ಓಡಿಸಬೇಕು, ಬೆಳಗಿನಿಂದ ಸಂಜೆವರೆಗೆ ಕೂತರೂ ಒಂದು ಸೀರೆಗೆ ಎರಡು ದಿನ ಬೇಕಂತೆ. ಹಾಸಿನ ನೂಲಿಗೆ ಒಂದು ಬಣ್ಣ, ಅಡ್ಡ ನೂಲಿಗೆ ಇನ್ನೊಂದು ಬಣ್ಣ ಹಾಕಿ ನೇಯುತ್ತಿದ್ದರು. ಬಾಗಿಲ ಕಡೆ ಹಿಡಿದರೆ ಹಸಿರು, ಒಳಗೆ ಹಿಡಿದರೆ ನೀಲಿ ಕಾಣುತ್ತಿತ್ತು. ಮುಟ್ಟಿದರೆ ಎಷ್ಟು ಹಗುರ! ನಮ್ಮ ಕರಾವಳಿಯ ಸೆಕೆಗೆ, ಬೆವರಿಗೆ ಇದಕ್ಕಿಂತ ಒಳ್ಳೆಯ ಸೀರೆ ಇಲ್ಲ.

ಉಡುಪಿ ಸೀರೆಗೆ 2016ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕಿದೆ. ಆಗ ಎಲ್ಲರೂ ಸಂಭ್ರಮಪಟ್ಟೆವು. ಕೆಲವು ಬಗೆಯ ಸೀರೆ, ಪಂಚೆ, ಟವೆಲ್ ಎಲ್ಲ ಸೇರಿ 11 ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲು ಅಂತ 1985ರ ಕಾಯ್ದೆಯೂ ಇದೆ. ಕೈಮಗ್ಗದ್ದೇ ಅಂತ ತೋರಿಸುವ ‘ಹ್ಯಾಂಡ್‌ಲೂಮ್ ಮಾರ್ಕ್’ ಗುರುತು 2006ರಿಂದ ಇದೆ. ಇಷ್ಟೆಲ್ಲ ಇದ್ದೂ ಅಂಗಡಿಯಲ್ಲಿ ಗಿರಾಕಿಯ ಕೈಗೆ ಬರುವುದು ಕಂಪ್ಯೂಟರಿನಲ್ಲಿ ಮುದ್ರಿಸಿದ ಒಂದು ಚೀಟಿ. ಅದನ್ನು ಯಾರು ಬೇಕಾದರೂ ಅಂಟಿಸಬಹುದು, ಅಲ್ವಾ? ಪವರ್‌ಲೂಮ್ ಸೀರೆ, ಅಂದರೆ ಕರೆಂಟಿನ ಮಗ್ಗದ್ದು, ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಕಡಿಮೆ ಬೆಲೆಯ ಸೀರೆ ಬೇಕಾದವರು ಬಹಳ ಜನ ಇದ್ದಾರೆ, ಅದನ್ನು ನೇಯುವವರೂ ದುಡಿದು ತಿನ್ನುವವರೇ. ಆದರೆ ಅದನ್ನು ಕೈಮಗ್ಗದ ಹೆಸರಲ್ಲಿ ಮಾರಿದರೆ ಎರಡು ದಿನ ಕೂತು ನೇಯ್ದವರ ಸೀರೆ ‘ಜಾಸ್ತಿ ಆಯ್ತು’ ಅಂತ ಕಪಾಟಿನಲ್ಲೇ ಉಳಿಯುತ್ತದೆ. 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಹೀಗಿದ್ದರೆ ಯಾವ ಮಗ, ಯಾವ ಸೊಸೆ ಮಗ್ಗದ ಮುಂದೆ ಕೂರುತ್ತಾರೆ? ಅಜ್ಜಿಯ ಮನೆಯಲ್ಲಿ ಎರಡು ಮಗ್ಗ ಉಂಟು. ಇನ್ನೊಂದರ ಮೇಲೆ ಅಡಿಕೆ ಚೀಲ ಇಟ್ಟಿದ್ದಾರೆ.

ಒಳ್ಳೆಯ ಕೆಲಸವೂ ಆಗುತ್ತಿದೆ, ಅದನ್ನೂ ಹೇಳಬೇಕು. ತಾಳಿಪಾಡಿ ನೇಕಾರರ ಸಹಕಾರಿ ಸಂಘ ಮತ್ತು ಕಾರ್ಕಳದ ಕದಿಕೆ ಟ್ರಸ್ಟ್ ಸೇರಿ ಹೊಸಬರಿಗೆ ನೇಯ್ಗೆ ಕಲಿಸುತ್ತಿವೆ, ಬಿಟ್ಟು ಹೋದವರನ್ನು ಮತ್ತೆ ಮಗ್ಗಕ್ಕೆ ಕರೆತಂದಿವೆ. ಸೀರೆಯ ಜೊತೆ ನೇಯ್ದವರ ಹೆಸರನ್ನೂ ಕೊಡುತ್ತಾರೆ. ಅಂಗಡಿಗಳಿಗೆ ಇದೇನು ಕಷ್ಟವಾ?

ಜವಳಿ ಅಂಗಡಿಯವರಲ್ಲಿ ನನ್ನದು ಒಂದೇ ಬೇಡಿಕೆ. ಸೀರೆಯ ಮೇಲಿನ ಚೀಟಿ ಬೇಡ, ಬಿಲ್ಲಿನಲ್ಲಿ ‘ಕೈಮಗ್ಗ, ಹತ್ತಿ’ ಅಂತ ಬರೆದು ಕೊಡಿ. ಬಿಲ್ಲಿನಲ್ಲಿ ಬರೆದದ್ದು ಸುಳ್ಳಾದರೆ ಗ್ರಾಹಕರ ಆಯೋಗಕ್ಕೆ ಹೋಗಲು ನಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಕೈಮಗ್ಗ ಇಲಾಖೆಯವರು ಆಗಸ್ಟ್ 7ರ ಕೈಮಗ್ಗ ದಿನ ಹಿರಿಯ ನೇಕಾರರಿಗೆ ಶಾಲು ಹೊದಿಸುತ್ತಾರೆ, ಸಂತೋಷ. ಅದೇ ವಾರ ಪೇಟೆಯ ನಾಲ್ಕು ಅಂಗಡಿಗೂ ಹೋಗಿ ‘ಉಡುಪಿ ಸೀರೆ’ ಅಂತ ಇಟ್ಟದ್ದನ್ನು ಒಮ್ಮೆ ಮಗುಚಿ ನೋಡಲಿ. ಆ ಅಜ್ಜಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಡಿಸೆಂಬರಿನಲ್ಲಿ ತಮ್ಮನ ಮದುವೆ. ಮನೆಯ ಹೆಂಗಸರಿಗೆಲ್ಲ ಸೇರಿ ಒಂಬತ್ತು ಸೀರೆ ಬೇಕು. ಬಿಲ್ಲಿನಲ್ಲಿ ಬರೆದು ಕೊಡುವ ಅಂಗಡಿ ಸಿಕ್ಕರೆ ಅಲ್ಲಿ, ಇಲ್ಲದಿದ್ದರೆ ಒಂಬತ್ತಕ್ಕೂ ಕಿನ್ನಿಗೋಳಿಗೇ ಹೋಗುತ್ತೇವೆ ಅಂತ ಅಮ್ಮ ಹೇಳಿಯಾಗಿದೆ.

— ಒಬ್ಬ ಓದುಗರು, ಉಡುಪಿ