ಓದಿಸೋದು ಹೇಗೆ ಅಂತ ನಮಗೂ ಕಲಿಸಿ

ಸಂಪಾದಕರಿಗೆ ನಮಸ್ಕಾರ,

ನವೆಂಬರ್ ಬಂದ್ರೆ ಮುಂಬೈಯ ಕನ್ನಡ ಸಂಘಗಳ ವೇದಿಕೆಯಲ್ಲೆಲ್ಲ ಕನ್ನಡ ಶಾಲೆ ಉಳಿಸಿ ಅನ್ನೋ ಮಾತು ಕೇಳಿಬರುತ್ತೆ. ಒಳ್ಳೇದೇ. ಆದ್ರೆ ಉಳಿದಿರೋ ಶಾಲೆಯಲ್ಲಿ ಎರಡನೇ ಕ್ಲಾಸಿನ ಮಗು ಒಂದು ಪುಟ ತಾನಾಗೇ ಓದುತ್ತಾ ಇಲ್ವಾ, ಅದಕ್ಕೆ ಓದೋದು ಕಲಿಸೋ ಟೀಚರಿಗೆ ಆ ಕೆಲಸ ಯಾರು ಹೇಳ್ಕೊಟ್ರು, ಅದನ್ನ ಯಾರೂ ಕೇಳಲ್ಲ. ನಾನು ಪ್ರಾಥಮಿಕ ಶಾಲೆ ಟೀಚರಾಗೋಕೆ ಬೇಕಾದ ಡಿ.ಎಲ್.ಎಡ್. ಕೋರ್ಸ್ ಮಾಡ್ತಿದ್ದೀನಿ, ಮುಂದೆ ಇಲ್ಲೇ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಕಲಿಸಬೇಕು ಅಂತ ಆಸೆ, ಅದಕ್ಕೇ ಬರೀತಿದ್ದೀನಿ.

ಕಾಲೇಜಲ್ಲಿ ಬಾಲ ಮನೋವಿಜ್ಞಾನ ಓದ್ತೀವಿ, ಪಾಠ ಟಾಚಣ (ಪಾಠದ ಟಿಪ್ಪಣಿ) ಬರೀತೀವಿ, ಚಾರ್ಟ್ ಮಾಡ್ತೀವಿ. ಮಗುವಿನ ಪಕ್ಕ ಕೂತು ಅದು ಓದೋದನ್ನ ಕಿವಿಗೊಟ್ಟು ಕೇಳೋದು ಮಾತ್ರ ಎಲ್ಲೂ ಬರಲ್ಲ. ನಿಜವಾದ ವಿದ್ಯೆ ಅಲ್ಲೇ ಇರೋದು.

ಪ್ರಾಕ್ಟೀಸ್‌ಗೆ ಹೋದ ಶಾಲೆಯಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದೋರ ಮಕ್ಕಳು. ಒಬ್ಬ ಹುಡುಗಿ ಪುಸ್ತಕದಲ್ಲಿರೋ "ಮನೆ"ಯನ್ನ "ಮನಿ" ಅಂತ ಓದಿದ್ಲು. ತಪ್ಪು ಅಂತ ತಿದ್ದೋದು ಸುಲಭ, ಆದ್ರೆ ಯೋಚಿಸಿ ನೋಡಿ, ಅವಳು ಅಕ್ಷರ ಓದಿ, ಅರ್ಥ ಹಿಡಿದು, ತನ್ನ ಮನೆಯ ಮಾತಲ್ಲಿ ಹೇಳಿದ್ದಾಳೆ, ಓದು ಅಂದ್ರೆ ಅದೇ ಅಲ್ವಾ! ಪಕ್ಕದ ಹುಡುಗ "ಹಕ್ಕಿ"ನ "ಹಕಿ" ಅಂದ, ಅದು ಬೇರೆ ವಿಷಯ, ಅವನ ಕಣ್ಣಿಗೆ ಕೆಳಗಿರೋ ಒತ್ತಕ್ಷರ ಇನ್ನೂ ಬಿದ್ದಿಲ್ಲ, ಅವನಿಗೆ ಅಕ್ಕ, ಅಜ್ಜ, ಕಪ್ಪೆ ಅಂತ ಒತ್ತಕ್ಷರದ ಪದಗಳನ್ನೇ ಕೊಟ್ಟು ಓದಿಸಬೇಕು. ಮೂರನೆಯವನು ಇಡೀ ಪದ್ಯ ಗಡಗಡ ಹೇಳ್ತಾನೆ ಆದ್ರೆ ಬೆರಳು ಬೇರೆ ಸಾಲಿನ ಮೇಲಿದೆ, ಚಿತ್ರ ಮುಚ್ಚಿ ನಡುವಿನ ಒಂದು ಪದ ತೋರಿಸಿದ್ರೆ ಸುಮ್ಮನೆ ಮುಖ ನೋಡ್ತಾನೆ, ಅವನದ್ದು ಬಾಯಿಪಾಠ. ಮೂವರಿಗೂ ರಿಜಿಸ್ಟರಲ್ಲಿ "ಓದಲು ಬರುವುದಿಲ್ಲ" ಅಂತ ಬರೆದುಬಿಟ್ರೆ ನಾಳೆ ಯಾರಿಗೆ ಏನು ಕಲಿಸ್ತೀರಿ?

ಇದರ ಮೇಲೆ ನಮ್ಮ ಮಕ್ಕಳಿಗೆ ಎರಡು ಲಿಪಿ. ಮರಾಠಿ ಇಲ್ಲಿ ಕಡ್ಡಾಯ, ಕಲೀಲೇಬೇಕು, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಮರಾಠಿ ಬರೆಯೋವಾಗ ಎ-ಏ, ಒ-ಓ ಅಂತ ಹ್ರಸ್ವ ದೀರ್ಘ ಎರಡೆರಡು ಇಲ್ಲ, ಹಾಗಾಗಿ "ಕೊಡು", "ಕೋಡು" ಒಂದೇ ಥರ ಓದೋ ಮಗು ದಡ್ಡ ಅಲ್ಲ. ಎರಡೂ ಲಿಪಿ ಗೊತ್ತಿರೋ ಟೀಚರಿಗಷ್ಟೇ ಇದು ಹೊಳೆಯುತ್ತೆ.

ಕನ್ನಡ ಓದಿಸೋಕೆ ದಾರಿಗಳಿಲ್ಲ ಅಂತಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳಿಗಿರೋ ನಲಿ ಕಲಿ ಪದ್ಧತಿಯಲ್ಲಿ ಅ ಆ ಇ ಈ ಇಂದ ಶುರು ಮಾಡದೆ ರ ಗ ಸ ದ ಅ ಅಂತ ಶುರು ಮಾಡ್ತಾರೆ, ಆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಇಷ್ಟೂ ಓದಬಹುದು, ಮಗುವಿಗೆ ಮೊದಲ ವಾರಗಳಲ್ಲೇ ನಾನು ಓದಿದೆ ಅನ್ನೋ ಖುಷಿ ಸಿಗುತ್ತೆ. 34 ವ್ಯಂಜನಕ್ಕೆ ಕಾಗುಣಿತ ಸೇರಿದ್ರೆ ನಾನೂರು ರೂಪ ದಾಟುತ್ತೆ, ಒತ್ತಕ್ಷರ ಬೇರೆ. ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ನಮ್ಮ ಅಕ್ಷರಗಳ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯೋದಲ್ಲ ಅಂತಲೇ ಕಂಡುಬಂದಿದೆ. ಆದ್ರೂ ಒಂದನೇ ಕ್ಲಾಸಲ್ಲಿ ಅಕ್ಷರ ಮುಗೀತು, ಎರಡರಲ್ಲಿ ಪಾಠ ಅಂತ ಓಡ್ತೀವಿ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆ ಪ್ರಕಾರ ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ 60 ಪದ ಅರ್ಥ ಆಗೋ ಹಾಗೆ ಓದಬೇಕು. ಗುರಿ ಇರಲಿ, ಬೇಕು ಕೂಡ. ಆದ್ರೆ "ಹೋಗಬೇಕಾಗಿತ್ತು" ಅನ್ನೋದು ಕನ್ನಡದಲ್ಲಿ ಒಂದೇ ಪದ, ಹಿಂದಿಯಲ್ಲಿ ಅದನ್ನೇ ಬಿಡಿಬಿಡಿ ಪದಗಳಾಗಿ ಬರೀತಾರೆ, ಇಂಥ ಪದಗಳ ಸಾಲನ್ನ ಹಿಂದಿಗೆ ಹಿಡಿದ ಗಡಿಯಾರದಲ್ಲೇ ಅಳೆದ್ರೆ ನಮ್ಮ ಮಗು ಹಿಂದೆ ಬಿದ್ದ ಹಾಗೇ ಕಾಣುತ್ತೆ. ಸ್ಟಾಪ್‌ವಾಚ್ ಹಿಡಿಯೋ ಟೀಚರಿಗೆ ಇದು ಗೊತ್ತಿರಬೇಕು, ಇಲ್ಲಾಂದ್ರೆ ಮಗು ಅರ್ಥ ಬಿಟ್ಟು ಬರೀ ಸ್ಪೀಡ್ ಕಲಿಯುತ್ತೆ.

ಇಷ್ಟೆಲ್ಲ ಪುಸ್ತಕ ಓದಿ ಬರೋದಲ್ಲ, ಮಾಡಿ ಮಾಡಿಯೇ ಬರಬೇಕು. ಅದಕ್ಕೆ ಅಧ್ಯಾಪಕ ಕಾಲೇಜುಗಳಿಗೆ ನನ್ನ ವಿನಂತಿ, ಇಂಟರ್ನ್‌ಶಿಪ್ಪಲ್ಲಿ ನಲವತ್ತು ಮಕ್ಕಳ ಎದುರು ನಿಂತು ಪಾಠ ಮಾಡೋದಕ್ಕೆ ಮಾತ್ರ ಮಾರ್ಕ್ಸ್ ಇಡಬೇಡಿ, ಒಂದೇ ಮಗುವಿನ ಜೊತೆ ತಿಂಗಳುಗಟ್ಟಲೆ ಕೂತು ಅದು ಎಲ್ಲಿ ತಡವರಿಸಿತು, ಯಾಕೆ ಅಂತ ಬರೆದಿಡೋದಕ್ಕೂ ಇಡಿ. ಮುಂಬೈಯ ಕನ್ನಡ ಶಾಲೆಗಳಲ್ಲಿ ಜೀವಮಾನ ಓದಿಸಿ ರಿಟೈರ್ ಆದ ಟೀಚರುಗಳು ಥಾಣೆ, ಡೊಂಬಿವಲಿ, ಮುಲುಂಡ್ ಕಡೆ ಎಷ್ಟೋ ಜನ ಇದ್ದಾರೆ, ಅವರು ತಮಗೆ ಗೊತ್ತಿರೋದನ್ನ ನಮಗೆ ಹೇಳಿಕೊಡಬೇಕು. ಸಂಘಗಳು ತಮ್ಮ ಲೈಬ್ರರಿಯನ್ನ ವಾರಕ್ಕೊಂದು ಸಂಜೆ ಬಿಟ್ಟುಕೊಟ್ರೆ ಸಾಕು, ಹತ್ತಿರದ ಶಾಲೆಯ ಮಕ್ಕಳು, ಒಬ್ಬರು ಹಿರಿಯ ಟೀಚರು, ನಮ್ಮಂಥ ಕಲಿಯೋರು ಒಟ್ಟಿಗೆ ಕೂರಬಹುದು. ಬರೋಕೆ ನಾನಂತೂ ರೆಡಿ, ನನ್ನ ಜೊತೆ ಓದ್ತಿರೋ ಗೆಳತಿಯರೂ ಬರ್ತಾರೆ. ಯಾವುದಾದ್ರೂ ಸಂಘ ಮುಂದೆ ಬಂದ್ರೆ ದಯವಿಟ್ಟು ನಿಮ್ಮ ಪತ್ರಿಕೆಯಲ್ಲೇ ತಿಳಿಸಿ.

— ಒಬ್ಬ ಡಿ.ಎಲ್.ಎಡ್. ವಿದ್ಯಾರ್ಥಿನಿ, ಡೊಂಬಿವಲಿ