ತಂಬೂರಿ ಗದ್ದಲ ಅಲ್ಲ

ಸಂಪಾದಕರೇ,

ಹಳೆ ರೆಕಾರ್ಡುಗಳನ್ನು ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿದೆ. ಆದರೆ ಕೊನೆಗೆ ಬಂದು, ಸಾಫ್ಟ್‌ವೇರಿನಲ್ಲಿ ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಒತ್ತಿಬಿಟ್ಟರೆ ಹಾಡು ಹೊಸದಾಗುತ್ತದೆ ಅಂತ ಬರೆದಿದ್ದಾರಲ್ಲ, ಅದೊಂದಕ್ಕೆ ಈ ಪತ್ರ.

ಅಪ್ಪ ಕೂಡಿಟ್ಟ 60 ರೆಕಾರ್ಡುಗಳು ನಮ್ಮ ಮನೆಯಲ್ಲಿವೆ, ಜಾಸ್ತಿ ಹಿಂದೂಸ್ತಾನಿ ಗಾಯನವೇ. ಮೂರು ವರ್ಷದ ಹಿಂದೆ ಹತ್ತು ಎಲ್‌ಪಿಗಳನ್ನು ಒಂದು ಅಂಗಡಿಗೆ ಕೊಟ್ಟೆ. ಎಂಪಿ3 ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಮನೆಗೆ ಬಂದು ಹಚ್ಚಿದರೆ ಚಟಪಟ ಸದ್ದು ಒಂದೂ ಇಲ್ಲ, ಖುಷಿಯಾಯಿತು. ಎರಡು ನಿಮಿಷ ಆಗಿರಬೇಕು, ಅವ್ವ ಅಡುಗೆಮನೆಯಿಂದ ಕೂಗಿದಳು, "ಅಲ್ಲೋ, ತಂಬೂರಿ ಎಲ್ಲಿ ಹೋತು?" ನಿಜವಾಗಿಯೂ ಇರಲಿಲ್ಲ. ಗಾಯಕರು ಉಸಿರು ತಗೊಳ್ಳುವ ಕಡೆಯೆಲ್ಲ ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತಿತ್ತು, ಅಷ್ಟೇ.

ಆಮೇಲೆ ನಾನೇ ಕಲಿತಾಗ ಕಾರಣ ಗೊತ್ತಾಯಿತು. ಈ ಸಾಫ್ಟ್‌ವೇರಿಗೆ ಮೊದಲು ಗದ್ದಲದ ಒಂದು ತುಣುಕು ತೋರಿಸಬೇಕು, ಅಂಥದ್ದೇ ಸದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ತಗ್ಗಿಸುತ್ತಾ ಹೋಗುತ್ತದೆ. ಹಾಡು ಶುರುವಾಗುವ ಮೊದಲಿನ ಭಾಗ ತಾನೇ ಅಂತ ತಂಬೂರಿ ಆಗಲೇ ಮೀಟುತ್ತಿದ್ದ ತುಣುಕನ್ನು ತೋರಿಸಿದರೆ ಮುಗಿಯಿತು. ಒಂದೇ ಸಮ ಬರುವ ಸದ್ದು ಅದಕ್ಕೆ ಗದ್ದಲವೇ. ಪಾಪ, ಅದಕ್ಕೇನು ಗೊತ್ತು ಷಡ್ಜ ಪಂಚಮ! ತೋರಿಸುವುದಿದ್ದರೆ ಮುಳ್ಳು ಕೂತ ಮೇಲೆ ಬರೀ ಖಾಲಿ ಗೆರೆ ತಿರುಗುತ್ತದಲ್ಲ, ಆ ಒಂದೆರಡು ಸೆಕೆಂಡು ತೋರಿಸಿ. ಅದೂ ಸ್ವಲ್ಪವೇ ತಗ್ಗಿಸಿ. ಗೀರಿನ ಟಕ್ ಟಕ್ ತೆಗೆಯಲು ಕ್ಲಿಕ್ ರಿಮೂವಲ್ ಬೇರೆಯೇ ಇದೆ, ಹದವಾಗಿ ಬಳಸಿದರೆ ಅದರಿಂದ ಇಷ್ಟು ಹಾನಿ ಇಲ್ಲ.

ಎಲ್ಲಕ್ಕಿಂತ ಮೊದಲು, ಇಳಿಸಿದ ಫೈಲನ್ನು ಏನೂ ಮುಟ್ಟದೆ ಹಾಗೇ ಒಂದು ಪ್ರತಿ ತೆಗೆದಿಡಿ. ದನಿಯನ್ನೇನೂ ಕಳೆಯದ ವೇವ್ ಆಗಲಿ ಫ್ಲ್ಯಾಕ್ ಆಗಲಿ, ಎಂಪಿ3 ಮಾತ್ರ ಬೇಡ. ಒಳ್ಳೆ ಗುಣಮಟ್ಟದ ಸ್ಟೀರಿಯೊದಲ್ಲಿ, ಅಂದರೆ 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ವೇವ್ ಫೈಲ್ ನಿಮಿಷಕ್ಕೆ ಸುಮಾರು 17 ಎಂಬಿ ಆಗುತ್ತದೆ. ಈಗಿನ ಹಾರ್ಡ್‌ಡಿಸ್ಕಿಗೆ ಅದೇನು ಲೆಕ್ಕ? ನಾನು ಬಳಸುವುದು ಆಡಾಸಿಟಿ ಅನ್ನುವ ದನಿ ದಾಖಲಿಸಿ ತಿದ್ದುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಹಾಡಿನ ಅತಿ ಜೋರಾದ ಕಡೆಯೂ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬೆಲ್ ಆಸುಪಾಸು ನಿಲ್ಲುವ ಹಾಗೆ ಇಟ್ಟುಕೊಳ್ಳುತ್ತೇನೆ. ಜೋರಾಗಿ ತಗೊಂಡು ಒಮ್ಮೆ ತಾರಸ್ವರ ಒಡೆಯಿತು ಅಂದರೆ ರೆಕಾರ್ಡಿನ ಆ ಬದಿಯನ್ನು ಮತ್ತೆ ಮೊದಲಿಂದ ಹಾಕಬೇಕಾಗುತ್ತದೆ. ಇನ್ನೊಂದು, ಟರ್ನ್‌ಟೇಬಲ್ ವೈರನ್ನು ಸೀದಾ ಕಂಪ್ಯೂಟರಿಗೆ ಸಿಕ್ಕಿಸಿದರೆ ದನಿ ತೆಳ್ಳಗೆ ಕೇಳುತ್ತದೆ. ರೆಕಾರ್ಡು ಕೊರೆಯುವಾಗಲೇ ಮಂದ್ರ ತಗ್ಗಿಸಿ ತಾರ ಏರಿಸಿರುತ್ತಾರೆ, ಅದನ್ನು ಮತ್ತೆ ಸರಿ ಮಾಡಲು ನಡುವೆ ಫೋನೋ ಪ್ರಿಆಂಪ್ ಅನ್ನುವ ಸಾಧನ ಬೇಕು. ಕೆಲವು ಟರ್ನ್‌ಟೇಬಲ್‌ಗಳಲ್ಲಿ ಅದು ಒಳಗೇ ಇರುತ್ತದೆ, ನೋಡಿಕೊಳ್ಳಿ.

ಮತ್ತೆ, ರೆಕಾರ್ಡಿನ ನಡುವಿನ ಲೇಬಲ್ಲಿನ ಫೋಟೊ ತೆಗೆಯದೆ ಯಾರೂ ರೆಕಾರ್ಡನ್ನು ಗುಜರಿಗೆ ಹಾಕಬೇಡಿ. ಹಾಕಲೇಬೇಡಿ ಅನ್ನುತ್ತೇನೆ, ಅದು ಬೇರೆ ಮಾತು. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ರೆಕಾರ್ಡುಗಳಲ್ಲಿ ಇರುವ ಹೆಸರು ಗಾಂಧಾರಿ. ಬರೀ "ಟ್ರ್ಯಾಕ್ 07" ಅಂತ ಫೈಲ್ ಉಳಿದರೆ ಮುಂದೆ ಇದೆಲ್ಲ ಯಾರಿಗೆ ತಿಳಿಯಬೇಕು?

ಅಂಗಡಿಗೆ ಕೊಟ್ಟಿದ್ದ ಆ ಹತ್ತನ್ನೂ ಈಗ ನಾನೇ ಮತ್ತೆ ಇಳಿಸಿದ್ದೇನೆ. ಚಟಪಟ ಇದೆ, ತಂಬೂರಿಯೂ ಇದೆ. ಅವ್ವ ಏನೂ ಅನ್ನಲಿಲ್ಲ, ಅಂದರೆ ಪಾಸಾದೆ ಅಂತ ಲೆಕ್ಕ.

ತೊಡಕಾಗಿ ಉಳಿದಿರುವುದು ಅರಗಿನ ಏಳು ಪ್ಲೇಟುಗಳು, ನಿಮಿಷಕ್ಕೆ 78 ಸುತ್ತಿನ ವೇಗದವು. ಅವುಗಳ ಗೆರೆ ಅಗಲ, ಎಲ್‌ಪಿಯ ಸಣ್ಣ ಮುಳ್ಳು ತಳಕ್ಕೆ ಬಿದ್ದು ಬರೀ ಕರಕರ ಅನ್ನುತ್ತದೆ. ಸ್ಪಿರಿಟ್ ಹಚ್ಚಿ ಒರೆಸೋಣ ಅಂದರೆ ಅರಗೇ ಕರಗುತ್ತದೆ. ಹುಬ್ಬಳ್ಳಿ ಧಾರವಾಡದ ಕಡೆ 78ರ ಮುಳ್ಳು ಸಿಗುವ ಜಾಗ ಯಾರಿಗಾದರೂ ಗೊತ್ತಿದ್ದರೆ ಇದೇ ಅಂಕಣಕ್ಕೆ ಒಂದು ಸಾಲು ಬರೆಯಿರಿ.

– ಒಬ್ಬ ಓದುಗ, ಧಾರವಾಡ