ಮಂಡ್ಯದ ಬಡತನಕ್ಕೆ ಜನಸಂಖ್ಯೆ ಎಷ್ಟು ಕಾರಣ? ಗೆಳೆಯನಿಗೊಂದು ಪತ್ರ

ಪ್ರಿಯ ರವಿ,

‘ಹೆರೋದು ಕಮ್ಮಿ ಮಾಡಿದ್ರೆ ಬಡತನ ತಾನಾಗೇ ಹೋಗುತ್ತೆ’ ಅಂತ ಬರೆದಿದ್ದೀಯ. 1798ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾಲ್ಥಸ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ: ಜನ 1, 2, 4, 8 ಅಂತ ಬೆಳೀತಾರೆ, ಫಸಲು 1, 2, 3, 4 ಅಂತ. ಭಾರತದಲ್ಲಿ ಆ ಲೆಕ್ಕ ಕೂಡಿಬರಲಿಲ್ಲ. 1951ರಿಂದ 2011ರೊಳಗೆ ಜನ 36 ಕೋಟಿಯಿಂದ 121 ಕೋಟಿಗೆ ಏರಿದರು. ಆಹಾರಧಾನ್ಯ ಸುಮಾರು 5 ಕೋಟಿ ಟನ್‌ನಿಂದ 24 ಕೋಟಿ ಟನ್‌ಗೆ ಹೋಯಿತು. ಜನ ಮೂರೂಕಾಲು ಪಟ್ಟು ಚಿಲ್ಲರೆ, ಧಾನ್ಯ ಹತ್ತಿರಹತ್ತಿರ ಐದು ಪಟ್ಟು.

ಇನ್ನು ನಮ್ಮ ಮಂಡ್ಯ. 2001ರಲ್ಲಿ 17.6 ಲಕ್ಷ ಇದ್ದ ಜಿಲ್ಲೆ 2011ರಲ್ಲಿ ಬರೀ 18 ಲಕ್ಷ. ಅದೇ ಅವಧಿಯಲ್ಲಿ ಪಕ್ಕದ ಮೈಸೂರು ಜಿಲ್ಲೆ ಶೇ. 13ಕ್ಕೂ ಮಿಕ್ಕಿ ಬೆಳೆಯಿತು. ಜನವೇ ರೋಗವಾಗಿದ್ದರೆ ಮಂಡ್ಯದ ರೈತ ಆ ಹತ್ತು ವರ್ಷದಲ್ಲಿ ಸಾಲದಿಂದ ಹೊರಗೆ ಬಂದಿರಬೇಕಿತ್ತು. (ಬೆಂಗಳೂರು ಸೇರಿದವರು ಈ ಲೆಕ್ಕದಲ್ಲಿಲ್ಲ, ನಿಜ. ಆದರೆ ಹೋಗೋರು ದುಡಿಯೋ ವಯಸ್ಸಿನವರು. ಊರಲ್ಲಿ ಉಳಿಯೋರು ಮುದುಕರು.)

ಹಾಗಂತ ನಿನ್ನ ಮಾತು ಪೂರ್ತಿ ಸುಳ್ಳಲ್ಲ. ತಾತನ 8 ಎಕರೆ ನಾಲ್ಕು ಮಕ್ಕಳಿಗೆ ಎರಡೆರಡಾಯ್ತು, ಅವರಿಗೆ ಇಬ್ಬಿಬ್ಬರು ಮಕ್ಕಳಾಗಿ ಈಗ ಒಂದೊಂದು ಎಕರೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಉಳಿಯೋದಕ್ಕೆ 2.1 ಬೇಕು. ಹೆರಿಗೆ ಆಗಲೇ ಇಳಿದಿದೆ, ಆದರೆ ಒಡೆದ ಪಹಣಿ ಮತ್ತೆ ಕೂಡಿಕೊಳ್ಳಲ್ಲ.

ಆ ಒಂದೆಕರೆಯಲ್ಲಿ ಕಬ್ಬು ಹಾಕಿದ ಅಂದ್ಕೋ. ಚೆನ್ನಾಗಿ ಬಂದರೆ 40 ಟನ್. 2024–25ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ) ಟನ್ನಿಗೆ 3,400 ರೂಪಾಯಿ ಇತ್ತು, ಅದೂ ಸಕ್ಕರೆ ಇಳುವರಿ ಶೇ. 10.25 ಇದ್ದರೆ, ಅಂದರೆ ನೂರು ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ ಬಂದರೆ. ಇಳುವರಿ 9.5 ಅಥವಾ ಅದಕ್ಕಿಂತ ಕೆಳಗಾದರೆ 3,151. ಆ ದರಕ್ಕೆ 40 ಟನ್ ಅಂದರೆ 1,26,040 ರೂಪಾಯಿ. ತಿಂಗಳಿಗೆ ಹತ್ತೂವರೆ ಸಾವಿರ. ಇದರಲ್ಲೇ ಕಟಾವು, ಸಾಗಣೆ, ಗೊಬ್ಬರ, ಬಿತ್ತನೆ ಎಲ್ಲ ಕಳೀಬೇಕು. ಬೋರು ಕೊರೆಸೋದಕ್ಕೆ ಎಂಟೆಕರೆಯವನಿಗೆ ಆಗೋ ಖರ್ಚೇ ಒಂದೆಕರೆಯವನಿಗೂ. ಕಾರ್ಖಾನೆ ಕೊಡೋ ಕಟಾವಿನ ಸರದಿ ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತೆ.

ಬಿಲ್ಲಿನ ಕತೆ ಬೇರೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. 1,26,040 ರೂಪಾಯಿ ಮೂರು ತಿಂಗಳು ನಿಂತರೆ ಬರಬೇಕಾದ ಬಡ್ಡಿ ಸುಮಾರು 4,700. ಅದನ್ನು ಲೆಕ್ಕ ಹಾಕಿ, ಬರವಣಿಗೆಯಲ್ಲಿ ಕೇಳೋರು ಊರಿಗೆಷ್ಟು ಜನ ಇದ್ದಾರೆ, ನೀನೇ ವಿಚಾರಿಸಿ ಬರಿ.

ಇತಿ,
ನಿನ್ನ ಗೆಳೆಯ, ಮಂಡ್ಯ